ಬ್ಯಾಟರಿ ಎಷ್ಟಿದೆಯೋ ಅಷ್ಟೇ (ಪೋಸ್ಟ್ 7)

ಮೊದಲನೇ ಸ್ಲೈಡ್ ನೋಡಿ ಟಾರ್ಪೆಡೋ ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಇದು ಗ್ಲೈಡರ್. ಸಮುದ್ರದೊಳಗೆ ಓಡಾಡಿ ನೀರಿನ ಉಷ್ಣತೆ, ಉಪ್ಪಿನಂಶ ಅಳೆಯೋ ರೋಬೋಟ್. ಮೂತಿಯೊಳಗೆ ಒಂಚೂರು ನೀರು ಎಳ್ಕೊಂಡು ಭಾರ ಆಗಿ ಮುಳುಗುತ್ತೆ. ರೆಕ್ಕೆ ಇರೋದ್ರಿಂದ ನೆಟ್ಟಗೆ ಇಳಿಯದೆ ಮುಂದಕ್ಕೆ ಜಾರುತ್ತೆ. ಆಮೇಲೆ ಆ ನೀರನ್ನ ಹೊರಗೆ ತಳ್ಳಿ, ಹಗುರಾಗಿ ಮೇಲೆ ಬರುತ್ತೆ. ವೇಗ ಗಂಟೆಗೆ ಸುಮಾರು 1 ಕಿ.ಮೀ. ನಮ್ಮಜ್ಜಿ ದೇವಸ್ಥಾನಕ್ಕೆ ಹೋಗೋ ಸ್ಪೀಡು ಇದಕ್ಕಿಂತ ಜಾಸ್ತಿ.

ಬಿಕಾಂ ಓದೋಳಿಗೆ ಇದೆಲ್ಲ ಯಾಕೆ ಅಂತೀರಾ? ಸ್ವಲ್ಪ ತಡೀರಿ. ಫೆಸ್ಟ್ ಸ್ಟಾಲ್ ವಿಷಯಕ್ಕೇ ಬರ್ತಿದ್ದೀನಿ.

ಅಮೆರಿಕದ ನ್ಯೂಜೆರ್ಸಿಯಲ್ಲಿರೋ ರಟ್ಗರ್ಸ್ ಯೂನಿವರ್ಸಿಟಿಯವರು ಇಂಥದ್ದೊಂದನ್ನ ಅಟ್ಲಾಂಟಿಕ್ ದಾಟಿಸೋಕೆ ಹೊರಟ್ರು. ಪ್ಲ್ಯಾನ್ ಮಾಡಿದವರಲ್ಲಿ ನಮ್ಮ ವಯಸ್ಸಿನ ಡಿಗ್ರಿ ಸ್ಟೂಡೆಂಟ್ಸೂ ಇದ್ರು. 2008ರಲ್ಲಿ ಬಿಟ್ಟ ಆರ್‌ಯು17 ತಿಂಗಳುಗಟ್ಟಲೆ ಹೋಗಿ, ಅಝೋರ್ಸ್ ದ್ವೀಪಗಳ ಕಡೆ ತಲುಪೋ ಹೊತ್ತಿಗೆ ಸಂಪರ್ಕ ಕಡಿದುಹೋಯ್ತು. ಮತ್ತೆ ಸಿಗಲೇ ಇಲ್ಲ.

ಎರಡನೇದು ಆರ್‌ಯು27. ಪ್ಲ್ಯಾನಿಂಗ್ ಹೇಗೆ ಅಂತ ಓದ್ತಾ ಓದ್ತಾ ನನಗೆ ನಮ್ಮ ಕಾಸ್ಟಿಂಗ್ ಪೇಪರೇ ನೆನಪಾಯ್ತು. ಬ್ಯಾಟರಿ ಅಂದ್ರೆ ಬಂಡವಾಳ. ನೀರಿಗೆ ಬಿಟ್ಟ ಮೇಲೆ ಒಂದು ಪೈಸೆ ಸೇರಿಸೋಕಾಗಲ್ಲ. ಪಂಪು, ಕಂಪ್ಯೂಟರ್, ಸೆನ್ಸರ್, ಸ್ಯಾಟಲೈಟ್ ಫೋನು, ಎಲ್ಲವೂ ಖರ್ಚೇ. ಪದೇ ಪದೇ ಮೇಲೆ ಬಂದು ಫೋನ್ ಮಾಡಿದ್ರೆ ಎಲ್ಲಿದೆ ಅಂತ ಗೊತ್ತಾಗುತ್ತೆ, ಆದ್ರೆ ಬ್ಯಾಟರಿ ಕರಗುತ್ತೆ. ಮಾಡದೇ ಇದ್ರೆ ಉಳಿತಾಯ, ಆದ್ರೆ ಅಷ್ಟರಲ್ಲಿ ಪ್ರವಾಹ ಎತ್ತ ಎಳ್ಕೊಂಡು ಹೋಗಿರುತ್ತೋ! ದಾರಿನೂ ಅಷ್ಟೇ. ನೇರ ಗೆರೆ ಎಳೆದ್ರೆ ದೂರ ಕಮ್ಮಿ. ಆದ್ರೆ ಸಮುದ್ರದಲ್ಲಿ ಊರಿಗಿಂತ ದೊಡ್ಡ ಸುಳಿಗಳಿರ್ತವೆ, ಒಂದು ಬದಿ ಮುಂದಕ್ಕೆ ತಳ್ಳಿದ್ರೆ ಇನ್ನೊಂದು ಬದಿ ವಾಪಸ್ ಎಳೆಯುತ್ತೆ. ಗಂಟೆಗೆ 1 ಕಿ.ಮೀ. ಹೋಗೋದು ಅದರೆದುರು ಏನು ಮಾಡೀತು? ಅದಕ್ಕೆ ಸ್ಯಾಟಲೈಟ್ ಚಿತ್ರ ನೋಡಿ, ಸುಳಿಯ ಒಳ್ಳೇ ಬದಿ ಹುಡುಕಿ, ಮುಂದಿನ ಗುರಿ ಬದಲಾಯಿಸ್ತಾ ಇರ್ಬೇಕು.

2009ರ ಏಪ್ರಿಲ್ 27ಕ್ಕೆ ಬಿಟ್ರು. ಮಧ್ಯದಲ್ಲಿ ಬಾರ್ನಕಲ್ ಅನ್ನೋ ಚಿಪ್ಪಿನ ಜೀವಿಗಳು ಮೈಗೆ ಅಂಟ್ಕೊಂಡು ಬೇರೆ ಕಾಟ ಕೊಟ್ವು. ಡಿಸೆಂಬರ್ 4ಕ್ಕೆ ಸ್ಪೇನ್ ಹತ್ತಿರ ಎತ್ತಿದ್ರು. 221 ದಿನ, ಸುಮಾರು 7,400 ಕಿ.ಮೀ. ತಂದಿದ್ದು ಬಯೋನಾ ಅನ್ನೋ ಊರಿಗೆ. 1493ರಲ್ಲಿ ಕೊಲಂಬಸ್‌ನ ಪಿಂಟಾ ಹಡಗು ವಾಪಸ್ ಬಂದಿದ್ದೂ ಅಲ್ಲಿಗೇ.

ಈಗ ಸ್ಟಾಲ್‌ಗೆ ದುಡ್ಡು ಹಾಕಿದ ಐದು ಜನ ಕೇಳಿ.

ನನ್ನದೂ ಸೇರಿ ತಲಾ 2,000, ಒಟ್ಟು 12,000. ಖಜಾಂಚಿ ನಾನು. ಬ್ಯಾನರ್ರು, ಸೀರಿಯಲ್ ಲೈಟು ಅಂತ ಮೊದಲ ದಿನವೇ ಅರ್ಧಕ್ಕಿಂತ ಜಾಸ್ತಿ ಉಡಾಯಿಸಿದೆ. ಎರಡನೇ ದಿನ ಮಧ್ಯಾಹ್ನ, ಸರಿಯಾಗಿ ಜನ ಬರೋ ಹೊತ್ತಿಗೆ ಗ್ಯಾಸ್ ಖಾಲಿ. "ಎಷ್ಟು ಉಳಿದಿದೆ?" ಅಂತ ನೀವು ಕೇಳಿದಾಗಲೆಲ್ಲ "ಇದೆ ಇದೆ" ಅಂದೆ. ನಿಜ ಹೇಳ್ಬೇಕಂದ್ರೆ ನಾನು ಎಣಿಸೇ ಇರ್ಲಿಲ್ಲ. ಆಮೇಲೆ ಮೂರು ವಾರ ಗ್ರೂಪ್ ಮ್ಯೂಟ್ ಮಾಡಿ ಕೂತೆ. ಆರ್‌ಯು17ರ ಸಿಗ್ನಲ್ ತಾನಾಗೇ ಹೋಯ್ತು. ನನ್ನದನ್ನ ನಾನೇ ಆಫ್ ಮಾಡಿದ್ದು. ನಿಮ್ಮಲ್ಲೊಬ್ಬಳು ಅಮ್ಮನ ಚೀಟಿ ದುಡ್ಡು ತಂದಿದ್ದಳು ಅಂತ ಗೊತ್ತಿದ್ದೂ.

ಕೊನೇ ಸ್ಲೈಡ್‌ನಲ್ಲಿ ಲೆಕ್ಕದ ಪುಸ್ತಕ ಇದೆ, ಝೂಮ್ ಮಾಡಿ. ಎಲ್ಲಾ ಖರ್ಚು, ಮಾರಿದ್ದು ಸೇರಿ ಕೈಯಲ್ಲಿ ಉಳಿದಿದ್ದು 4,800. ಎರಡು ಬಿಲ್ ಸಿಗ್ತಿಲ್ಲ, 640 ರೂಪಾಯಿ. ಅದು ನನ್ನ ಜೇಬಿಂದ. ಶನಿವಾರ ಕ್ಯಾಂಟೀನ್‌ಗೆ ಒಟ್ಟು 5,440 ತರ್ತೀನಿ. ಚೀಟಿ ದುಡ್ಡಿನವಳಿಗೆ ಮೊದಲು ಪೂರ್ತಿ 2,000 ಕೊಡೋಣ ಅಂತ ನನ್ನ ಅಭಿಪ್ರಾಯ. ಉಳಿದಿದ್ದು ನೀವು ನಾಲ್ಕೂ ಜನ ಹಂಚ್ಕೊಳ್ಳಿ, ನನಗೆ ಬೇಡ. ಒಪ್ಪಿಗೆ ಇಲ್ದಿದ್ರೆ ಅಲ್ಲೇ ಬಂದು ಬೈಯಿರಿ. ಕಾಮೆಂಟ್‌ನಲ್ಲಿ ಮಾತ್ರ ಬೇಡ, ನಮ್ಮಪ್ಪ ಈ ಅಕೌಂಟ್ ಫಾಲೋ ಮಾಡ್ತಾರೆ.