ದಾರಿ ಕುಗ್ಗಲಿಲ್ಲ, ತಂತಿ ಸವೆದಿತ್ತು

ಲಾರಿಯ ಮೀಟರಿಗೂ ಅಡಿಗೆಮನೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮ ಮನೆಯಲ್ಲಿ ಸಂಬಂಧವಿತ್ತು. ಲಾರಿ ಓಡಿದರೆ ಒಲೆ ಉರಿಯುತ್ತಿತ್ತು, ನಿಂತರೆ ಮಕ್ಕಳ ಫೀಸೂ ನಿಲ್ಲುತ್ತಿತ್ತು. ಈಗ ಹೇಳಹೊರಟಿರುವುದು 1997ನೇ ಇಸವಿಯ ಮಾತು. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಕೈಲಿದ್ದ ಸೌಟು ಹಾಗೇ ನಿಂತುಬಿಡುತ್ತದೆ.

ನಮ್ಮದು ಹುಣಸೂರು. ಯಜಮಾನರು ಕೈಸಾಲ ಮಾಡಿ ಒಂದು ಹಳೇ ಆರು ಚಕ್ರದ ಲಾರಿ ಕೊಂಡಿದ್ದರು. ಕೃಷ್ಣರಾಜನಗರದಿಂದ ಭತ್ತ, ಹೆಗ್ಗಡದೇವನಕೋಟೆ ಕಡೆಯಿಂದ ಹತ್ತಿ, ನಮ್ಮೂರಿನ ಸಾಮಿಲ್ಲುಗಳಿಂದ ಮೈಸೂರಿಗೆ ಮರ, ಹೀಗೆ ಬಾಡಿಗೆ ಸಿಗುತ್ತಿತ್ತು. ತಂಬಾಕಿನ ಹರಾಜು ಶುರುವಾದರಂತೂ ಪಿರಿಯಾಪಟ್ಟಣದ ಹಳ್ಳಿಗಳಿಂದ ಬೇಲು ಹೇರಿಕೊಂಡು ಹರಾಜು ಕಟ್ಟೆಗೆ ಓಡಾಟವೋ ಓಡಾಟ. ಯಜಮಾನರಿಗೆ ಸೊಂಟನೋವು ಬಂದ ಮೇಲೆ ಕೋಟೆ ಕಡೆಯ ಹಳ್ಳಿಯ ಒಬ್ಬ ಹುಡುಗನನ್ನು ಡ್ರೈವರಾಗಿ ಇಟ್ಟುಕೊಂಡೆವು. ಮಿತಭಾಷಿ. ಬೆಳಿಗ್ಗೆ ನಮ್ಮ ಜಗುಲಿಯಲ್ಲೇ ಕೂತು ರಾಗಿರೊಟ್ಟಿ ತಿಂದು ಹೊರಡುತ್ತಿದ್ದ. ನನ್ನನ್ನು "ಅಕ್ಕಾ" ಅನ್ನುತ್ತಿದ್ದ.

ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಹೊರಡುವಾಗ ಮೀಟರಿನಲ್ಲಿ ಎಷ್ಟು, ಬಂದಾಗ ಎಷ್ಟು, ಡೀಸೆಲ್ ಎಷ್ಟು ಲೀಟರು, ಅಷ್ಟೂ ಬರೆಯುತ್ತಿದ್ದೆ. ಹಾಲಿನ ಲೆಕ್ಕ ಬರೆದವಳಿಗೆ ಇದೇನು ದೊಡ್ಡದಲ್ಲ. ಜುಲೈ ತಿಂಗಳು 2,412 ಕಿಲೋಮೀಟರಿಗೆ 536 ಲೀಟರು. ಅಂದರೆ ಲೀಟರಿಗೆ ನಾಲ್ಕೂವರೆ. ಸೆಪ್ಟೆಂಬರಿನಲ್ಲಿ ನೋಡ್ತೀನಿ, 540 ಲೀಟರು ಸುರಿದಿದೆ, ಓಡಿದ್ದು ಮಾತ್ರ 1,782. ಲೀಟರಿಗೆ ಮೂರು ಚಿಲ್ಲರೆ! ಕೂಡಿ ಕಳೆದು ನೋಡಿದರೆ 144 ಲೀಟರು ಎಲ್ಲಿ ಹೋಯಿತೋ ಗೊತ್ತಿಲ್ಲ.

ಡೀಸೆಲ್ ಪೈಪು ಹಾಕಿ ಹೀರಿ ಮಾರುವವರ ಕತೆಗಳನ್ನು ಕೇಳಿದ್ದೆನಲ್ಲ, ಮನಸ್ಸು ನೇರ ಅಲ್ಲಿಗೇ ಓಡಿತು. ಹುಡುಗನನ್ನು ಕರೆದು ಕೇಳಿದೆ. ಅವನು, "ಅಕ್ಕಾ, ಮೀಟರಿನ ಮುಳ್ಳು ಕೆಲವು ಸಲ ಮಲಗಿಬಿಡುತ್ತೆ, ಆಮೇಲೆ ತಾನಾಗೇ ಏಳುತ್ತೆ" ಅಂದ. ಕಳ್ಳನಿಗೊಂದು ಪಿಳ್ಳೆನೆವ ಅಂದುಕೊಂಡೆ. ಯಜಮಾನರು, "ಬೇಡ ಕಣೇ, ಒಂದಿಷ್ಟು ದಿನ ನೋಡೋಣ" ಅಂದರು. ನಾನೇ ಬಿಡಲಿಲ್ಲ. ಆಯುಧಪೂಜೆಗೆ ಎಂಟು ದಿನವಿದೆ ಎನ್ನುವಾಗ ಅವನ ಲೆಕ್ಕ ಚುಕ್ತಾ ಮಾಡಿಸಿದೆ. ಹಬ್ಬಕ್ಕೆಂದು ಅವನಿಗೆ ತಂದಿಟ್ಟಿದ್ದ ಪಂಚೆ ಬೀರುವಿನಲ್ಲೇ ಉಳಿಯಿತು. ಅವನು ಜಗಳವಾಡಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಹಬ್ಬದ ದಿನ ಲಾರಿ ತೊಳೆದು, ಬಾಳೆಕಂಬ ಕಟ್ಟಿ, ಕುಂಬಳಕಾಯಿ ಸಿದ್ಧಮಾಡಿದೆವು. ಲೆಕ್ಕದ ಪುಸ್ತಕವನ್ನೂ ಪೂಜೆಗಿಡುವ ವಾಡಿಕೆ. ಕುಂಕುಮ ಹಚ್ಚುವಾಗ ಸುಮ್ಮನೆ ಹಾಳೆ ತಿರುಗಿಸಿದೆ. ಮೈಸೂರಿಗೆ ಹೋಗಿಬಂದ ದಿನಗಳು ಕಣ್ಣಿಗೆ ಬಿದ್ದವು. ನಮ್ಮೂರಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು, ಹೋಗಿಬಂದರೆ 90. ಜುಲೈನಲ್ಲಿ 90, 91, 90 ಅಂತ ಇದೆ. ಸೆಪ್ಟೆಂಬರಿನಲ್ಲಿ? 88, 63, 41, 74!

ಎದೆ ಧಸಕ್ಕೆಂದಿತು. ಡೀಸೆಲ್ ಕದಿಯಬಹುದು, ದಾರಿಯನ್ನು ಯಾರಾದರೂ ಕದಿಯುತ್ತಾರೆಯೇ? ಮೈಸೂರು ಹುಣಸೂರಿಗೆ ಹತ್ತಿರ ಬಂದಿತೇ? ತಿಂಗಳ ಮೊತ್ತವನ್ನಷ್ಟೇ ನೋಡಿದ ನಾನು ದಿನದಿನದ ಸಾಲುಗಳನ್ನು ನೋಡಿರಲೇ ಇಲ್ಲ.

ಹಬ್ಬದ ಮಾರನೇ ದಿನ ಮೇಸ್ತ್ರಿಯನ್ನು ಕರೆಸಿದೆವು. ಹೆಂಗಸು ಎದುರು ನಿಂತು ಕೇಳುತ್ತಾಳಲ್ಲ ಎಂದು ಆತ ಬೇಸರಪಡದೆ ಒಂದೊಂದಾಗಿ ತೋರಿಸಿದರು. ಹಳೇ ಲಾರಿಗಳಲ್ಲಿ ಗೇರ್‌ಬಾಕ್ಸಿನ ಹಿಂಬದಿಯ ಒಂದು ಸಣ್ಣ ಹಲ್ಲುಚಕ್ರದಿಂದ ಉದ್ದನೆಯ ಕೇಬಲ್ಲು ಮೇಲೆ ಮೀಟರಿಗೆ ಬರುತ್ತದೆ. ಹೊರಗೊಂದು ಕೊಳವೆ, ಒಳಗೆ ಹುರಿಮಾಡಿದ ಉಕ್ಕಿನ ತಂತಿ. ಸೈಕಲ್ ಬ್ರೇಕಿನ ತಂತಿ ಎಳೆಯುತ್ತದೆ, ಇದು ತಿರುಗುತ್ತದೆ, ಅಷ್ಟೇ ವ್ಯತ್ಯಾಸ. ಚಕ್ರ ಉರುಳಿದಂತೆಲ್ಲ ತಂತಿ ತಿರುಗಿ ಮೀಟರಿನೊಳಗಿನ ಆಯಸ್ಕಾಂತವನ್ನು ಸುತ್ತಿಸುತ್ತದೆ. ಆಯಸ್ಕಾಂತದ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲು. ಒಂದಕ್ಕೊಂದು ತಾಗುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಗೆ ಆಯಸ್ಕಾಂತ ಅಂಟುವುದಿಲ್ಲ ಅಂತ ನಮಗೆಲ್ಲ ಗೊತ್ತು. ಆದರೆ ಆಯಸ್ಕಾಂತ ಗಿರಗಿರ ಸುತ್ತಿದಾಗ ಬಟ್ಟಲಿನಲ್ಲಿ ವಿದ್ಯುತ್ತು ಹುಟ್ಟಿ, ಅದೂ ಜೊತೆಗೆ ಸುತ್ತಲು ಎಳೆಯುತ್ತದೆ. ಮೊಸರು ಕಡೆಯುವಾಗ ಗಡಿಗೆಯೂ ಕಡಗೋಲಿನ ಹಿಂದೆ ತಿರುಗಲು ನೋಡುತ್ತದಲ್ಲ, ಹಾಗೆ. ಒಂದು ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಡಿದು ನಿಲ್ಲಿಸುತ್ತದೆ. ವೇಗ ಹೆಚ್ಚಿದಷ್ಟೂ ಬಟ್ಟಲು ಹೆಚ್ಚು ವಾಲುತ್ತದೆ, ಅದಕ್ಕೆ ಕೂಡಿಸಿದ ಮುಳ್ಳು ಏರುತ್ತದೆ. ಈ ಬಗೆಯ ಮೀಟರಿಗೆ ಜರ್ಮನಿಯಲ್ಲಿ ಓಟ್ಟೊ ಶುಲ್ಟ್ಸೆ ಎಂಬಾತ ಪೇಟೆಂಟು ಪಡೆದದ್ದು 1902ರಲ್ಲಿ. ಕಿಲೋಮೀಟರಿನ ಅಂಕಿಗಳನ್ನು ಉರುಳಿಸುವುದೂ ಅದೇ ತಂತಿ, ಬೇರೆ ಸಣ್ಣ ಹಲ್ಲುಚಕ್ರಗಳ ಮೂಲಕ.

"ಆದ್ದರಿಂದ ಮೊದಲು ಮುಳ್ಳೂ ಅಂಕಿಯೂ ಎರಡೂ ನಿಂತಿವೆಯೇ ನೋಡಬೇಕಮ್ಮಾ" ಅಂದರು ಮೇಸ್ತ್ರಿ. ಎರಡೂ ನಿಂತರೆ ದೋಷ ಕೇಬಲ್ಲಿನಲ್ಲೋ ಕೆಳಗಿನ ಹಲ್ಲುಚಕ್ರದಲ್ಲೋ ಇರುವುದೇ ಹೆಚ್ಚು. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಮಲಗಿದ್ದರೆ, ಇಲ್ಲವೇ ಮುಳ್ಳು ಏರುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ, ದೋಷ ಮೀಟರಿನೊಳಗೆ. ಮುಳ್ಳು ನಡುಗುತ್ತಾ ಕಿರಿಕಿರಿ ಸದ್ದು ಬಂದರೆ ತಂತಿ ಒಣಗಿದೆ, ಇಲ್ಲವೇ ಎಲ್ಲೋ ಮಡಿಸಿಕೊಂಡಿದೆ.

ಮೀಟರಿನ ಹಿಂದಿನ ನಟ್ಟು ಬಿಚ್ಚಿ ಒಳತಂತಿ ಎಳೆದರು. ಅರ್ಧವೇ ಬಂದರೆ ತುಂಡಾಗಿದೆ ಅಂತ ಅರ್ಥ. ನಮ್ಮದು ಪೂರ್ತಿ ಬಂತು. ಆದರೆ ಗೇರ್‌ಬಾಕ್ಸಿಗೆ ಕೂರುವ ತುದಿ ಚೌಕವಾಗಿರಬೇಕಾದದ್ದು, ಸವೆದು ಸೀಸದಕಡ್ಡಿಯ ಹಾಗೆ ಗುಂಡಗಾಗಿತ್ತು. ಒಮ್ಮೆ ಕಚ್ಚಿಕೊಂಡು ತಿರುಗುತ್ತಿತ್ತು, ಒಮ್ಮೆ ಜಾರುತ್ತಿತ್ತು. ಜಾರಿದಷ್ಟು ಹೊತ್ತು ಲಾರಿ ಓಡುತ್ತಿತ್ತು, ಡೀಸೆಲ್ ಉರಿಯುತ್ತಿತ್ತು, ಅಂಕಿ ಮಾತ್ರ ಕದಲುತ್ತಿರಲಿಲ್ಲ. ಮುಳ್ಳು ಮಲಗುತ್ತೆ, ತಾನಾಗೇ ಏಳುತ್ತೆ. ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ!

ಹೊಸ ಕೇಬಲ್ಲು ತಂದರು. ಹಾಕುವ ಮುಂಚೆ ಮೀಟರು ಹಗುರವಾಗಿ ತಿರುಗುತ್ತದೆಯೇ ಅಂತ ಬೆರಳಿನಿಂದ ನೋಡಿದರು. ಅದು ಬಿಗಿದಿದ್ದರೆ ಹೊಸ ತಂತಿಯೂ ಮುರಿಯುತ್ತದಂತೆ. ತಂತಿಗೆ ಗ್ರೀಸು ತೆಳ್ಳಗೆ, ದೋಸೆಕಲ್ಲಿಗೆ ಎಣ್ಣೆ ಸವರಿದ ಹಾಗೆ. ಮೇಲಿನ ತುದಿಗೆ ಏನೂ ಬೇಡ, ತಿರುಗುತ್ತಾ ಗ್ರೀಸು ಮೇಲೇರಿ ಮೀಟರನ್ನೇ ಕೆಡಿಸುತ್ತದೆ. ಕೇಬಲ್ಲನ್ನು ಎಲ್ಲೂ ಗಕ್ಕನೆ ಮಡಿಸದೆ ಸರಾಗವಾಗಿ ಬಾಗಿಸಿ ಕಟ್ಟಿದರು.

ಸರಿಯಾಯಿತೋ ಇಲ್ಲವೋ ನೋಡಲು ಯಜಮಾನರ ಪಕ್ಕ ನಾನೇ ಗಡಿಯಾರ ಹಿಡಿದು ಕೂತೆ. ಪಿರಿಯಾಪಟ್ಟಣದ ರಸ್ತೆ. ಆಗ ಅದು ರಾಜ್ಯ ಹೆದ್ದಾರಿ 88, ಈಗ ರಾಷ್ಟ್ರೀಯ ಹೆದ್ದಾರಿ 275. ಮುಳ್ಳು 40ರಲ್ಲೇ ಇರುವಂತೆ ಓಡಿಸಿದರೆ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 90 ಸೆಕೆಂಡು ಹಿಡಿಯಬೇಕು. 60ರಲ್ಲಾದರೆ 60 ಸೆಕೆಂಡು. ಮೂರು ಕಲ್ಲು ಎಣಿಸಿದೆ. 91, 90, 90. ಲೆಕ್ಕ ಕೂಡಿತು. ನನಗೆ ಮಾತ್ರ ಅಳು ಬಂತು.

ಮುಂದಿನ ಭಾನುವಾರ ಆ ಪಂಚೆಯನ್ನೂ, ಒಂದು ಡಬ್ಬಿ ಕೋಡುಬಳೆಯನ್ನೂ ತೆಗೆದುಕೊಂಡು ನಾವಿಬ್ಬರೂ ಬಸ್ಸು ಹತ್ತಿ ಕೋಟೆಗೆ ಹೋಗಿ, ಅಲ್ಲಿಂದ ಅವನ ಹಳ್ಳಿಗೆ ನಡೆದೆವು. ಅವನ ತಾಯಿ ಒಳಗೆ ಕರೆದು ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಮಗ ಯಾಕೆ ಕೆಲಸ ಬಿಟ್ಟು ಬಂದ ಅಂತ ಆಕೆಗೆ ಗೊತ್ತೇ ಇರಲಿಲ್ಲ. ಅವನು ನಮ್ಮ ಮೇಲೆ ಒಂದು ಮಾತನ್ನೂ ಹೇಳಿರಲಿಲ್ಲ. ಆ ತಾಯಿಯ ಎದುರಿಗೇ ನಾನು ತಪ್ಪೊಪ್ಪಿಕೊಂಡೆ. ಹುಡುಗ ತಲೆ ತಗ್ಗಿಸಿ, "ಅವತ್ತೇ ಹೇಳಿದ್ನಲ್ಲಾ ಅಕ್ಕಾ" ಅಂದ. ಅಷ್ಟೇ. ಆ ಮಾತಿನ ಭಾರ ಬೈಗುಳಕ್ಕೂ ಇಲ್ಲ.

ಅವನು ಮತ್ತೆ ನಮ್ಮ ಲಾರಿಗೆ ಬರಲಿಲ್ಲ. ಆಗಲೇ ಬೇರೆ ಕಡೆ ಸೇರಿದ್ದ. ಪಂಚೆ ಮಾತ್ರ ತೆಗೆದುಕೊಂಡ. ಎರಡು ವರ್ಷದ ಮೇಲೆ ಮದುವೆಗೆ ಕರೆಯಲು ತಾನೇ ಮನೆಗೆ ಬಂದು ಅದೇ ಜಗುಲಿಯ ಮೇಲೆ ಕೂತ. ನನಗೆ ಅಷ್ಟು ಸಾಕಾಯಿತು.

ಈಗಿನ ಹೊಸ ಗಾಡಿಗಳಲ್ಲಿ ಈ ತಂತಿಯಿಲ್ಲ, ಎಲ್ಲ ಎಲೆಕ್ಟ್ರಾನಿಕ್. ನಮ್ಮ ಲಾರಿಯೂ ಗುಜರಿಗೆ ಹೋಗಿ ಬಹಳ ಕಾಲವಾಯಿತು. ಆದರೂ ಸೋದರಿಯರೇ, ಮನೆಯಲ್ಲಿ ಲೆಕ್ಕ ಬರೆಯುವವರು ನಾವೇ ತಾನೆ? ಹಾಲಿನವಳು, ಕೆಲಸದವಳು, ಅಂಗಡಿಯ ಹುಡುಗ, ಯಾರ ಮೇಲಾದರೂ ಲೆಕ್ಕ ತಪ್ಪಿತೆಂದು ಅನುಮಾನ ಬಂದರೆ ಮೊದಲು ಅಳೆಯುವ ಪಾವು ಸರಿಯಿದೆಯೇ ನೋಡಿ. ತಿಂಗಳ ಮೊತ್ತ ಬಿಟ್ಟು ದಿನದ ಸಾಲು ಓದಿ. ಎದುರಿನವರು ಹೇಳಿದ್ದನ್ನು ನೆವ ಅನ್ನುವ ಮುಂಚೆ ಒಂದು ಸಲ ಪರೀಕ್ಷೆ ಮಾಡಿ. ಕೇಬಲ್ಲನ್ನು ಮೇಸ್ತ್ರಿ ಅರ್ಧ ಗಂಟೆಯಲ್ಲಿ ಬದಲಾಯಿಸಿದರು. ನನ್ನ ಬಾಯಿಂದ ಬಂದ ಮಾತನ್ನು ಬದಲಾಯಿಸುವುದಕ್ಕೆ ನನ್ನಿಂದ ಇವತ್ತಿಗೂ ಆಗಿಲ್ಲ.