ಬಾಗಿಲ ಮೇಲಿನ ಹೆಸರು

ಹೊರಗೆ ಜುಲೈ ತಿಂಗಳ ಧಗೆ, ಬೋಗಿಯೊಳಗೆ ಏಸಿಯ ಚಳಿ. ಟೋಕಿಯೊದ ನಿಷಿ-ಕಸಾಯ್‌ನಲ್ಲಿ ತೋಜಾಯ್ ಲೈನ್ ಹತ್ತಿದ ನೀವು ಪಕ್ಕದಲ್ಲಿ ಕೂತ ಗೆಳತಿಯ ಮುಖ ನೋಡಲಾರದೆ ಅವಳ ಮಡಿಲಲ್ಲಿರುವ ಪ್ಲಾಸ್ಟಿಕ್ ಫೈಲನ್ನೇ ನೋಡುತ್ತಿದ್ದೀರಿ. ಅದರೊಳಗೆ ರಾತ್ರಿ ಹನ್ನೊಂದರ ಮೇಲೆ ಬಂದ ಮೆಸೇಜುಗಳ ಪ್ರಿಂಟು. ಕಳಿಸಿದವನು ಅವಳ ಮನಶ್ಶಾಸ್ತ್ರಜ್ಞ.

"ನಾನೂ ಬೇಡ ಅನ್ಲಿಲ್ವಲ್ಲ. ಈಗ ಯಾವ ಮುಖ ಇಟ್ಕೊಂಡು ದೂರು ಕೊಡ್ಲಿ?"

(ಗೆಳತಿ ಕಲ್ಪಿತ. ಮುಂದೆ ಬರುವ ಕಾನೂನು ನಿಜ.)

ಆ ಮನಶ್ಶಾಸ್ತ್ರಜ್ಞನ ಕೋಣೆಗೆ ಒಮ್ಮೆ ಅವಳನ್ನು ಬಿಡಲು ಹೋಗಿದ್ದಿರಿ. ಕೆಳಗೆ ರಾಮೆನ್ ಅಂಗಡಿ, ನಾಲ್ಕನೇ ಮಹಡಿಯಲ್ಲಿ ಕಿರಿದಾದ ಬಾಗಿಲು, ಚಪ್ಪಲಿ ಬಿಡಲು ಚಿಕ್ಕ ಕಪಾಟು. ಎರಡು ಕುರ್ಚಿಗಳು ನೇರ ಎದುರುಬದುರಲ್ಲ, ತುಸು ಓರೆ. ಗಡಿಯಾರ ಅವನಿಗೆ ಕಾಣುವಂತೆ, ಟಿಶ್ಯೂ ಡಬ್ಬ ಇವಳ ಕೈಗೆ ಸಿಗುವಂತೆ. ಅಲ್ಲಿ ಒಬ್ಬರ ಬದುಕು ಪೂರ್ತಿ ಬಿಚ್ಚಿಕೊಳ್ಳುತ್ತದೆ, ಇನ್ನೊಬ್ಬರದು ಒಂದೆಳೆಯೂ ಇಲ್ಲ. ಅಪ್ಪನಿಂದ ಸಿಗದ ಅಕ್ಕರೆ, ಗಂಡನ ಮೇಲಿನ ಮುನಿಸು ಎಲ್ಲವೂ ಎದುರಿಗೆ ಕೂತವನತ್ತ ಹರಿಯುತ್ತದೆ. ಅದನ್ನು ತನ್ನ ರೂಪಕ್ಕೋ ಗುಣಕ್ಕೋ ಸಂದ ಪ್ರೀತಿ ಎಂದು ವೈದ್ಯ ತಿಳಿಯಬಾರದೆಂದು ಫ್ರಾಯ್ಡ್ 1915ರಲ್ಲೇ ಎಚ್ಚರಿಸಿದ್ದ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವಂತೂ ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಎರಡು ವರ್ಷ ಲೈಂಗಿಕ ಸಂಬಂಧ ಕೂಡದೆನ್ನುತ್ತದೆ. ಆದ್ದರಿಂದ ಇವಳು ಒಪ್ಪಿದಳೇ ಇಲ್ಲವೇ ಎಂದು ಕೇಳುವುದಕ್ಕೂ ಮುಂಚೆ, ಅವನು ಆ ಕುರ್ಚಿಯಲ್ಲಿ ಕೂತು ಏನು ಮಾಡುತ್ತಿದ್ದ ಎಂದು ಕೇಳಬೇಕು.

ಕಯಾಬಾಚೋದಲ್ಲಿ ಇಳಿದು ಹಿಬಿಯಾ ಲೈನ್ ಹಿಡಿದು ಕಸುಮಿಗಾಸೆಕಿಗೆ ಬರುತ್ತೀರಿ. ಎದುರಿಗೆ 26 ಮಹಡಿಯ ಸರ್ಕಾರಿ ಕಟ್ಟಡ. ಆರೋಗ್ಯ, ಕಾರ್ಮಿಕ, ಕಲ್ಯಾಣ ಮೂರನ್ನೂ ನೋಡಿಕೊಳ್ಳುವ ಸಚಿವಾಲಯ ಇಲ್ಲೇ. ಒಳಗೆ ಹೋಗಲು ಧೈರ್ಯ ಸಾಲದೆ ಇಬ್ಬರೂ ಹಿಬಿಯಾ ಪಾರ್ಕಿನ ಬೆಂಚಿನಲ್ಲಿ ಕೂತು ಫೋನಿನಲ್ಲಿ ಕಾಯಿದೆ ತೆರೆಯುತ್ತೀರಿ. ಸಿಕಾಡಗಳ ಗದ್ದಲಕ್ಕೆ ಓದುವುದೂ ಕಷ್ಟ.

1988ರಿಂದ ಜಪಾನಿನಲ್ಲಿ ಮನಶ್ಶಾಸ್ತ್ರಜ್ಞರಿಗಿದ್ದದ್ದು 'ರಿನ್ಶೋ ಶಿನ್ರಿಶಿ' ಎಂಬ ಖಾಸಗಿ ಮಾನ್ಯತೆ. ಸರ್ಕಾರವೇ ಕೊಡುವ 'ಕೋನಿನ್ ಶಿನ್ರಿಶಿ' ಪದವಿಗೆ 2015ರಲ್ಲಿ ಕಾಯಿದೆಯಾಯಿತು. ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 15ಕ್ಕೆ, ಮೊದಲ ಪರೀಕ್ಷೆ 2018ರಲ್ಲಿ. ಆ ಕಾಯಿದೆಯ 40ನೇ ಕಲಮು ವೃತ್ತಿಯ ಮೇಲಿನ ನಂಬಿಕೆಗೆ ಧಕ್ಕೆ ತರುವಂತೆ ನಡೆಯಬಾರದು ಎನ್ನುತ್ತದೆ. ಲೈಂಗಿಕ ಸಂಬಂಧದ ಹೆಸರೇ ಅಲ್ಲಿಲ್ಲ. ಮೀರಿದರೆ ಸಚಿವರು ನೋಂದಣಿ ರದ್ದು ಮಾಡಬಹುದು, ಇಲ್ಲವೇ ಆ ಪದವಿನಾಮ ಬಳಸದಂತೆ ಒಂದಿಷ್ಟು ಕಾಲ ತಡೆಯಬಹುದು. 41ನೇ ಕಲಮು ಗುಟ್ಟು ಕಾಪಾಡುವ ಕುರಿತದ್ದು. ಅದನ್ನು ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 3 ಲಕ್ಷ ಯೆನ್‌ವರೆಗೆ ದಂಡ.

ಇವಳ ಮಾತು ಹೊರಗೆ ಬಿಟ್ಟಿದ್ದರೆ ಈ ಕಾಯಿದೆಯಲ್ಲೇ ಅವನಿಗೆ ಜೈಲಾಗಬಹುದಿತ್ತು. ಮೈ ಮುಟ್ಟಿದ್ದಕ್ಕೆ ಇಲ್ಲಿ ಹೋಗುವುದು ಹೆಸರು ಮಾತ್ರ. ಇದು ನನಗೆ ತಲೆಕೆಳಗಾದ ಲೆಕ್ಕವೆನಿಸುತ್ತದೆ.

"ಹೆಸರು ಹೋದ್ಮೇಲೆ?" ಎನ್ನುತ್ತಾಳೆ.

ರದ್ದಾದ ಮೇಲೆ ಎರಡು ವರ್ಷದವರೆಗೆ ಆ ಹೆಸರಿಗೆ ಅವನು ಅನರ್ಹ. ಆದರೆ ಅದೇ ನಾಲ್ಕನೇ ಮಹಡಿಯಲ್ಲಿ ಬರೀ 'ಕೌನ್ಸೆಲರ್' ಎಂದು ಬೋರ್ಡು ಹಾಕಿಕೊಂಡು ನಾಳೆಯೇ ಕೂರಬಹುದು. ಕಾನೂನು ಕಾಯುವುದು ಪದವಿಯ ಹೆಸರನ್ನು, ಆ ಕೆಲಸವನ್ನಲ್ಲ. ನಾವು ಬೀಗಬೇಕಾದ್ದೇನೂ ಇಲ್ಲ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಪುನರ್ವಸತಿ ಪರಿಷತ್ತಿನ ನೋಂದಣಿ ಉಂಟು, ಇತರ ಸೈಕಾಲಜಿಸ್ಟ್‌ಗಳನ್ನು ಕಾನೂನಿನ ತೆಕ್ಕೆಗೆ ತರುವ ಕಾಯಿದೆ ಬಂದದ್ದು 2021ರಲ್ಲಷ್ಟೇ.

ಪೊಲೀಸರ ದಾರಿ ಬೇರೆಯೇ ಇದೆ. 2023ರ ಜುಲೈ 13ರಿಂದ ಜಾರಿಯಲ್ಲಿರುವ ಜಪಾನಿನ ದಂಡ ಸಂಹಿತೆಯ ತಿದ್ದುಪಡಿ, ಬೇಡವೆನ್ನಲು ಆಗದ ಎಂಟು ಬಗೆಯ ಸನ್ನಿವೇಶಗಳನ್ನು ಹೆಸರಿಸಿದೆ. ಮಾನಸಿಕ ತೊಂದರೆ ಅದರಲ್ಲೊಂದು. ಸ್ಥಾನದ ಪ್ರಭಾವ ಬಳಸಿ, ಒಪ್ಪದಿದ್ದರೆ ನಷ್ಟವಾದೀತೆಂಬ ದಿಗಿಲು ಹುಟ್ಟಿಸುವುದು ಇನ್ನೊಂದು. ಚಿಕಿತ್ಸಕನನ್ನು ಬೊಟ್ಟು ಮಾಡಿ ಹೇಳಿಲ್ಲ. ಇವಳ ಪ್ರಕರಣ ಇದರೊಳಗೆ ಬರುತ್ತದೆಂದು ತೋರಿಸಬೇಕಾಗುತ್ತದೆ.

ಲೈಂಗಿಕ ಹಿಂಸೆಗೆ ಸಿಕ್ಕವರಿಗೆ ಎರಡು ನಂಬರುಗಳಿವೆ: ಪೊಲೀಸರದು #8103, ನೆರವು ಕೇಂದ್ರದ್ದು #8891. ಎರಡನೆಯದನ್ನು ಒತ್ತಿ, ಫೋನು ನಿಮ್ಮ ಕೈಗಿಡುತ್ತಾಳೆ. "ನನ್ನ ಜಪಾನಿ ಸಾಲಲ್ಲ. ನೀವೇ ಶುರು ಮಾಡಿ, ಆಮೇಲೆ ನಾನು ಮಾತಾಡ್ತೀನಿ."