ಒಂದು ಅಂಗುಲ ಹಿಮದ ಲೆಕ್ಕ

ಅಮೆರಿಕೆಯ ರಾಜಧಾನಿ ವಾಷಿಂಗ್ಟನ್ ನಗರದಿಂದ ಪೊಟೋಮ್ಯಾಕ್ ನದಿಯನ್ನು ದಾಟಿ, ವಾಯವ್ಯಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ವರ್ಜೀನಿಯಾ ರಾಜ್ಯದ ಆಶ್‌ಬರ್ನ್ ಸಿಗುತ್ತದೆ. ಕರ್ನಾಟಕದಿಂದ ಹೋಗಿ ನೆಲೆಸಿದ ಅನೇಕ ಕುಟುಂಬಗಳು ಆ ಭಾಗದಲ್ಲಿವೆ. ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳಲ್ಲಿ ನಾವು ಅಲ್ಲಿ ಮಗಳ ಮನೆಯಲ್ಲಿ ತಂಗಿದ್ದೆವು. ಸಂಕ್ರಾಂತಿ ಕಳೆದ ಮೊದಲ ಭಾನುವಾರ ಆಕೆಯ ಮನೆಯಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆ ಮತ್ತು ಪ್ರಸಾದದ ಏರ್ಪಾಡಾಗಿತ್ತು. ಸಂಜೆ ಐದು ಗಂಟೆಗೆ ಎಂದು ಎಲ್ಲರಿಗೂ ತಿಳಿಸಿಯಾಗಿತ್ತು. ಮಾದಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿಗಳ ಸಿದ್ಧತೆ ನಡೆದಿತ್ತು.

ಶನಿವಾರ ಬೆಳಿಗ್ಗೆ ಹವಾಮಾನ ಇಲಾಖೆಯ ಮುನ್ಸೂಚನೆ ಬಂದಿತು: ಭಾನುವಾರ ಸಂಜೆ ಒಂದರಿಂದ ಎರಡು ಅಂಗುಲ ಹಿಮ ಬೀಳಲಿದೆ. ನಮಗೆ ನಗು ಬಂದಿತು. ಬೆರಳಿನ ಗೆಣ್ಣಿನಷ್ಟು ಹಿಮಕ್ಕೆ ಅಂಜಿ ಪೂಜೆಯ ವೇಳೆ ಬದಲಿಸುವುದುಂಟೆ? ಮಗಳು ನಗಲಿಲ್ಲ. “ಅಪ್ಪಾಜಿ, ಹದಿನೈದು ಅಂಗುಲ ಎಂದಿದ್ದರೆ ನನಗೆ ಚಿಂತೆಯೇ ಇರುತ್ತಿರಲಿಲ್ಲ. ಎಲ್ಲರೂ ಮನೆಯಲ್ಲಿಯೇ ಉಳಿಯುತ್ತಾರೆ. ಒಂದು ಅಂಗುಲ ಎಂದರೆ ಎಲ್ಲರೂ ಹೊರಟುಬಿಡುತ್ತಾರೆ” ಎಂದಳು.

ಆಕೆಯ ಮನಸ್ಸಿನಲ್ಲಿದ್ದುದು 2016ರ ಜನವರಿ 20. ಅಂದು ಸಂಜೆ ವಾಷಿಂಗ್ಟನ್ನಿನಲ್ಲಿ ಬಿದ್ದದ್ದು ಸುಮಾರು ಒಂದು ಅಂಗುಲ ಹಿಮ ಮಾತ್ರ. ಹಿಂದಿನ ದಿನಗಳ ಕಡು ಚಳಿಗೆ ರಸ್ತೆಗಳು ಹೆಪ್ಪುಗಟ್ಟುವಷ್ಟು ತಣ್ಣಗಾಗಿದ್ದವು. ಬೇಕಾದಷ್ಟು ಉಪ್ಪನ್ನು ಮುಂಚಿತವಾಗಿ ಎರಚಿರಲಿಲ್ಲ. ಬಿದ್ದ ಹಿಮ ಚಕ್ರಗಳ ಕೆಳಗೆ ಕರಗಿ, ಮರುಕ್ಷಣವೇ ಗಾಜಿನಂತೆ ಗಡ್ಡೆಯಾಯಿತು. ಕಚೇರಿ ಬಿಡುವ ಹೊತ್ತು. ಸಾವಿರಾರು ಜನ ತಾಸುಗಟ್ಟಲೆ ರಸ್ತೆಯಲ್ಲಿಯೇ ಸಿಕ್ಕಿಬಿದ್ದರು. ಅಧ್ಯಕ್ಷ ಒಬಾಮಾ ಅವರ ವಾಹನಗಳ ಸಾಲೂ ಜಾರುತ್ತ, ತೆವಳುತ್ತ ಶ್ವೇತಭವನ ಸೇರಿತು. ಮರುದಿನ ನಗರದ ಮೇಯರ್ ಮ್ಯೂರಿಯಲ್ ಬೌಸರ್ ಜನರ ಕ್ಷಮೆ ಕೋರಿದರು. ಎರಡು ದಿನ ಕಳೆದು ಬಂದ ದೊಡ್ಡ ಹಿಮಬಿರುಗಾಳಿ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ 29.3 ಅಂಗುಲ ಹಿಮ ಸುರಿಸಿತು. ಆ ವೇಳೆಗೆ ಶಾಲೆ, ಕಚೇರಿಗಳೆಲ್ಲ ಮುಚ್ಚಿದ್ದವು. ಹೊರಗೆ ಹೊರಡುವ ಮಾತೇ ಇರಲಿಲ್ಲ.

ಹಾಗಾದರೆ ಆ ಒಂದು ಅಂಗುಲವನ್ನು ಖಚಿತವಾಗಿ ಹೇಳಬಾರದೇಕೆ ಎಂದು ನಾವು ಅಳಿಯಂದಿರನ್ನು ಕೇಳಿದೆವು. ಅವರ ವಿವರಣೆಯಿಂದ ನಮಗೆ ಮನವರಿಕೆಯಾದುದು ಇಷ್ಟು. ಹತ್ತು ಅಂಗುಲ ಹಿಮ ಕರಗಿದರೆ ಸಾಧಾರಣವಾಗಿ ಒಂದು ಅಂಗುಲ ನೀರಾಗುತ್ತದೆ. ಅಂದಮೇಲೆ ಒಂದು ಅಂಗುಲ ಹಿಮದಲ್ಲಿರುವುದು ಎರಡೂವರೆ ಮಿಲಿಮೀಟರ್ ನೀರು. ನಮ್ಮಲ್ಲಿ ಅದನ್ನು ಮಳೆಯೆಂದು ಯಾವ ರೈತನೂ ಎಣಿಸಲಾರ. ಅಷ್ಟು ಅಲ್ಪ ನೀರಿನ ಲೆಕ್ಕ ತಪ್ಪಿದರೆ ದೊಡ್ಡ ಹಿಮಪಾತದಲ್ಲಿ ಯಾರ ಗಮನಕ್ಕೂ ಬಾರದು, ಸಣ್ಣದರಲ್ಲಿ ಮುನ್ಸೂಚನೆಯೇ ಸುಳ್ಳಾಗುತ್ತದೆ.

ಅದರ ಮೇಲೆ ಈ ನಗರ ನಿಂತಿರುವ ಜಾಗವೇ ತೊಡಕಿನದು. ಪಶ್ಚಿಮಕ್ಕೆ ಬ್ಲೂ ರಿಜ್ ಬೆಟ್ಟಸಾಲು, ಪೂರ್ವಕ್ಕೆ ಚೆಸಪೀಕ್ ಕೊಲ್ಲಿ, ಅದರಾಚೆ ಅಟ್ಲಾಂಟಿಕ್ ಸಾಗರ. ಬೆಟ್ಟದ ಬುಡದಲ್ಲಿ ತಣ್ಣನೆಯ ಗಾಳಿ ಕಟ್ಟೆಯೊಳಗಿನ ನೀರಿನಂತೆ ನಿಲ್ಲುತ್ತದೆ. ಸಾಗರದಿಂದ ಬೆಚ್ಚನೆಯ ಗಾಳಿ ಒಳನುಗ್ಗುತ್ತದೆ. ಇವೆರಡೂ ಸಂಧಿಸುವ ಗೆರೆ ಹಲವು ಸಲ ನಗರದ ನೆತ್ತಿಯ ಮೇಲೆಯೇ ಹಾಯುತ್ತದೆ. ಗೆರೆಯ ಆಚೆ ಹಿಮ, ಈಚೆ ಮಳೆ. ಮೇಲಿನ ಗಾಳಿಯಲ್ಲಿ ಒಂದು ಬೆಚ್ಚನೆಯ ಪದರ ನುಸುಳಿದರೂ ಹಿಮ ದಾರಿಯಲ್ಲಿಯೇ ಕರಗಿ, ಕೆಳಗೆ ಬಂದು ಮತ್ತೆ ಗಡ್ಡೆಯಾಗುತ್ತದೆ. ಸಾಗರದ ಮಟ್ಟಕ್ಕಿಂತ ಐದು ಮೀಟರೂ ಎತ್ತರವಿಲ್ಲದ, ನದಿಯ ದಡದ ರೇಗನ್ ವಿಮಾನ ನಿಲ್ದಾಣದಲ್ಲಿ ವರ್ಷದ ಸರಾಸರಿ ಹಿಮ 13.7 ಅಂಗುಲ, 40 ಕಿ.ಮೀ.ಗಳ ಒಳಗೇ ಇರುವ ಡಲ್ಲೆಸ್‌ನಲ್ಲಿ 21 ಅಂಗುಲ. ಒಂದು ಹೊಲಕ್ಕೆ ಮಳೆ ಸುರಿದು ಬದುವಿನಾಚೆಯ ಹೊಲ ಒಣಗಿರುವುದನ್ನು ಕಂಡ ನಮಗೆ ಇದು ಹೊಸತಲ್ಲ.

ಡಲ್ಲೆಸ್ ಬಳಿಯ ಸ್ಟರ್ಲಿಂಗ್‌ನಲ್ಲಿರುವ ಹವಾಮಾನ ಕಚೇರಿಯಿಂದ ಬೆಳಿಗ್ಗೆ ಮತ್ತು ಸಂಜೆ ಬಲೂನನ್ನು ಹಾರಿಬಿಟ್ಟು ಮೇಲಿನ ಗಾಳಿಯ ಉಷ್ಣತೆಯನ್ನು ಅಳೆಯುತ್ತಾರೆ. ಆ ಕಚೇರಿ ಒಂದೇ ಅಂಕಿಯನ್ನು ಹೇಳಿ ಸುಮ್ಮನಾಗುವುದಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಮೀರಬಹುದಾದ ಕನಿಷ್ಠ, ಹತ್ತರಲ್ಲಿ ಒಂದೇ ಪಾಲು ಮೀರಬಹುದಾದ ಗರಿಷ್ಠ ಎಂದು ಬೇರೆ ಬೇರೆ ನಕ್ಷೆಗಳನ್ನೂ ಪ್ರಕಟಿಸುತ್ತದೆ. ನಮ್ಮ ಭಾನುವಾರಕ್ಕೆ ಕನಿಷ್ಠ ಸೊನ್ನೆ, ಗರಿಷ್ಠ ಮೂರು ಎಂದಿತ್ತು. ಇದು ನುಣುಚಿಕೊಳ್ಳುವ ಮಾತು ಎಂದು ಮೊದಲು ನಮಗೆ ಅನ್ನಿಸಿತ್ತು. ಆಮೇಲೆ ಇದೇ ಪ್ರಾಮಾಣಿಕವಾದ ಮಾತು ಎಂದು ತೋರಿತು. 2013ರ ಮಾರ್ಚ್ 6ರಂದು ದೊಡ್ಡ ಹಿಮ ಬರುತ್ತದೆಂದು ನಂಬಿ ಕೇಂದ್ರ ಸರ್ಕಾರದ ಕಚೇರಿಗಳನ್ನು ಮುಚ್ಚಿದ್ದರು. ನಗರದಲ್ಲಿ ಬಹುಪಾಲು ಬರಿಯ ಮಳೆಯಾಯಿತು. ಅಂದಿನ ಗೇಲಿಯನ್ನು ಅಲ್ಲಿಯ ಜನ ಇನ್ನೂ ಮರೆತಿಲ್ಲ.

ಶನಿವಾರ ರಾತ್ರಿ ಮನೆಯವರೆಲ್ಲ ಕುಳಿತು ಯೋಚಿಸಿದೆವು. ಮೇರಿಲ್ಯಾಂಡಿನ ಫ್ರೆಡರಿಕ್‌ನಿಂದ ವಯಸ್ಸಾದ ಶರಣ ದಂಪತಿಗಳು ಬರುವವರಿದ್ದರು. ಎಪ್ಪತ್ತು ದಾಟಿದವರು, ತಾವೇ ಕಾರು ನಡೆಸುವವರು, ಬರುತ್ತೇವೆಂದರೆ ಬಂದೇ ತೀರುವವರು. ಪೂಜೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಮಗಳು ಒಬ್ಬೊಬ್ಬರಿಗೂ ದೂರವಾಣಿ ಮಾಡಿದಳು. ಮರುದಿನ ಬೆಳಿಗ್ಗೆ ಆಕಾಶ ಬೂದಿಬಣ್ಣಕ್ಕೆ ತಿರುಗಿತ್ತು. ರಸ್ತೆಯ ಉದ್ದಕ್ಕೂ ಉಪ್ಪುನೀರಿನ ಬಿಳಿ ಗೆರೆಗಳು, ವಿಭೂತಿ ಎಳೆದಂತೆ. ಫ್ರೆಡರಿಕ್‌ನವರು ಬಂದರು, ಪೂಜೆ ಮಾಡಿದರು, ಪ್ರಸಾದ ಸ್ವೀಕರಿಸಿದರು. ಎರಡೂವರೆಗೆ ಅಳಿಯಂದಿರೇ ಅವರನ್ನು ಎಬ್ಬಿಸಿ ಬೀಳ್ಕೊಟ್ಟರು. “ಹೊರಹಾಕುತ್ತೀರಲ್ಲ ತಮ್ಮಾ” ಎಂದು ಆ ತಾಯಿ ನಕ್ಕರು.

ನಾಲ್ಕೂಕಾಲಕ್ಕೆ ಹಿಮ ಶುರುವಾಯಿತು. ಸದ್ದಿಲ್ಲದೆ, ಗಿರಣಿಯ ಹಿಟ್ಟು ಉದುರಿದ ಹಾಗೆ. ರಾತ್ರಿ ಎಂಟಕ್ಕೆ ಮೊಮ್ಮಗ ತನ್ನ ಶಾಲೆಯ ಅಳತೆಪಟ್ಟಿಯನ್ನು ಹಿತ್ತಲ ಹಲಗೆಯ ಮೇಲೆ ನಿಲ್ಲಿಸಿ ನೋಡಿದ: ಒಂದೂಕಾಲು ಅಂಗುಲ. ಮನೆಯ ಮುಂದಿನ ಇಳಿಜಾರಿನಲ್ಲಿ ಅಷ್ಟರಲ್ಲಿಯೇ ಎರಡು ಕಾರುಗಳು ಅಡ್ಡಡ್ಡ ನಿಂತಿದ್ದವು.

ಆ ದಿನ ಆರ್ಲಿಂಗ್ಟನ್‌ನ ಒಂದು ಕುಟುಂಬ ಮುನ್ಸೂಚನೆಗೆ ಹೆದರಿ ಬಂದಿರಲಿಲ್ಲ. ರಾತ್ರಿ ಅವರ ಕರೆ ಬಂದಿತು. ಅವರಲ್ಲಿ ಬರಿಯ ತುಂತುರು ಮಳೆಯಂತೆ. ದನಿಯಲ್ಲಿ ಬೇಸರವಿತ್ತು. ಮಗಳು ಅವರ ಪಾಲಿನ ಮಾದಲಿಯನ್ನು ಡಬ್ಬಿಗೆ ತುಂಬಿಟ್ಟಳು. ಮರುದಿನ ಮಧ್ಯಾಹ್ನ ಅದನ್ನು ಒಯ್ಯಲು ಅವರೇ ಬಂದರು. ಡಲ್ಲೆಸ್ ದಾಟುವವರೆಗೆ ಹಾದಿಯಲ್ಲಿ ಹಿಮದ ಗುರುತೇ ಇರಲಿಲ್ಲವಂತೆ.